ನಾವು ಕಂಡ ಚಿತ್ರಗಳಲ್ಲಿ ದುಡಿಯುವ ಕೈಗಳು

ಈ ಪತ್ರಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೇಳುವ ಹಿರಿಯರು ನಮ್ಮ ಬಳಗದಲ್ಲಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅವರ ಮುಂದೆ ಒಂದು ಲೆಕ್ಕವನ್ನಿಡುತ್ತೇವೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಕಾಸರಗೋಡಿನಲ್ಲಿ ರೈಲು ಹತ್ತಿ ಮಂಗಳೂರಿನ ಮಾಲಿಗೆ ಹೋಗಿ, ಒಂದು ಪಿಚ್ಚರ್ ನೋಡಿ, ಮಕ್ಕಳ ಹಟಕ್ಕೆ ಪಾಪ್‌ಕಾರ್ನ್ ಕೊಡಿಸಿ ಹಿಂದೆ ಬಂದರೆ ಆ ಖರ್ಚು ಹುಟ್ಟಲು ಎಷ್ಟು ಸಾವಿರ ಬೀಡಿ ಕಟ್ಟಬೇಕು? ಸೂಪು ಮಡಿಲಲ್ಲಿಟ್ಟು ಕುಳಿತವರಿಗೆ ಅದು ಬಾಯಿಪಾಠ. ಹೋಗದೆ ಉಳಿದವರು ಮೊಬೈಲಿನಲ್ಲಿ ನೋಡುತ್ತಾರೆ. ನೋಡದವರು ನೋಡಿದವರಿಂದ ಕಥೆ ಕೇಳುತ್ತಾರೆ. ದುಡಿಯುವವರ ಭಾನುವಾರದ ಮೂರು ಗಂಟೆ ಎಲ್ಲಿ ಕಳೆಯುತ್ತದೆಯೋ ಅಲ್ಲಿಗೆ ನಮ್ಮ ಪತ್ರಿಕೆಯ ಕಣ್ಣೂ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ.

ನಾವು ವಿಮರ್ಶಕರಲ್ಲ. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಹೇಗೆ ಬಿಟ್ಟರು ಎಂಬ ವಿದ್ಯೆ ನಮಗಿಲ್ಲ. ನಮ್ಮ ಬಳಿ ಇರುವುದು ಒಂದೇ ಪ್ರಶ್ನೆ: ಈ ಚಿತ್ರದಲ್ಲಿ ಕೆಲಸ ಮಾಡುವವರು ಯಾರು, ಅವರು ಕೆಲಸ ಮಾಡುವುದನ್ನು ನಮಗೆ ತೋರಿಸಿದ್ದಾರೆಯೇ? ಹೆಚ್ಚಿನ ಪಿಚ್ಚರುಗಳಲ್ಲಿ ನಾಯಕನು ಲಾರಿ ಡ್ರೈವರ್ ಎಂದು ಹೇಳುತ್ತಾರೆ; ಲಾರಿಗೆ ಲೋಡು ಹೇರುವುದು, ಚೆಕ್‌ಪೋಸ್ಟಿನಲ್ಲಿ ಕಾಯುವುದು, ಬಾಡಿಗೆ ಬಾಕಿಗಾಗಿ ಸೇಟಿನ ಅಂಗಡಿ ಮುಂದೆ ನಿಲ್ಲುವುದು ಒಮ್ಮೆಯೂ ಕಾಣದು. ಮೊದಲನೆಯ ಹಾಡು ಮುಗಿಯುವುದರೊಳಗೆ ಲಾರಿಯೇ ಮಾಯ. ಬೆಲ್ಜಿಯಮ್ ದೇಶದ ಜೋಸೆಫ್ ಕಾರ್ಡಿನ್ ಪಾದ್ರಿಗಳು 1925ರ ಹೊತ್ತಿಗೆ ಕಾರ್ಖಾನೆಯ ಹುಡುಗರಿಗೆ ಮೂರು ಹೆಜ್ಜೆ ಕಲಿಸಿದರು: ನೋಡುವುದು, ವಿವೇಚಿಸುವುದು, ಕೈಗೊಳ್ಳುವುದು. ನಮ್ಮ ಅಭ್ಯಾಸ ವರ್ಗಗಳಲ್ಲಿ ಇದನ್ನು ಹಲವು ಸಲ ಹೇಳಿದ್ದೇವೆ. ಸಿನಿಮಾಕ್ಕೆ ಮೊದಲನೆಯ ಹೆಜ್ಜೆಯೇ ದೊಡ್ಡದು. ಕಣ್ಣೆದುರೇ ಇರುವುದನ್ನು ನೋಡುವಂತೆ ಮಾಡಿದ ಚಿತ್ರ ನಮಗೆ ಒಳ್ಳೆಯ ಚಿತ್ರ.

ಕಳೆದ ಕೆಲವು ವರ್ಷಗಳಲ್ಲಿ ನಾವು ಕಂಡವುಗಳಲ್ಲಿ ನಮ್ಮವರನ್ನು ಹೆಚ್ಚು ಅಲುಗಿಸಿದ್ದು ಮಲಯಾಳದ ‘ಆಡುಜೀವಿತಂ’. ಬೆನ್ಯಾಮಿನ್ ಅವರು 2008ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಬ್ಲೆಸ್ಸಿ ಅವರು ಚಿತ್ರವಾಗಿಸಿದರು. 2024ರ ಮಾರ್ಚ್ 28ರಂದು ತೆರೆಗೆ ಬಂತು. ಗಲ್ಫಿಗೆ ಹೋದವರಿಲ್ಲದ ವಾರ್ಡನ್ನು ನಮ್ಮ ಜಿಲ್ಲೆಯಲ್ಲಿ ಹುಡುಕುವುದೇ ಕಷ್ಟ. ಆದ್ದರಿಂದ ಜನ ಅದನ್ನು ಸಿನಿಮಾ ನೋಡಿದಂತೆ ನೋಡಲಿಲ್ಲ, ಮನೆಯ ಕಾಗದ ಓದಿದಂತೆ ನೋಡಿದರು. ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ನಜೀಬ್ ಎಂಬ ಯುವಕ ಸಾಲ ಮಾಡಿ ವೀಸಾ ಕೊಳ್ಳುತ್ತಾನೆ. ಜೊತೆಗೆ ಹಕೀಮ್ ಎಂಬ ಹುಡುಗ. ಸೌದಿಯ ವಿಮಾನ ನಿಲ್ದಾಣದಲ್ಲಿ ಕರೆದೊಯ್ಯಲು ಬರಬೇಕಾದವನು ಬರುವುದಿಲ್ಲ; ಬೇರೊಬ್ಬನು ಬಂದು ಗಾಡಿಗೆ ಹತ್ತಿಸಿಕೊಳ್ಳುತ್ತಾನೆ. ಕಂಪೆನಿ ಕೆಲಸವೆಂದು ಹೊರಟವನು ಇಳಿಯುವುದು ಮರುಭೂಮಿಯ ಆಡಿನ ಹಟ್ಟಿಯಲ್ಲಿ. ಪೃಥ್ವೀರಾಜ್ ಅವರು ಆ ಪಾತ್ರಕ್ಕಾಗಿ ದೇಹ ಇಳಿಸಿಕೊಂಡ ಸುದ್ದಿಯನ್ನು ಪತ್ರಿಕೆಗಳು ಬೇಕಾದಷ್ಟು ಬರೆದವು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡಿದ್ದು ಅವನ ಮಾತು ಸೊರಗಿದ ರೀತಿ. ಯಜಮಾನನ ಭಾಷೆ ಅವನಿಗೆ ತಿಳಿಯದು, ಅವನ ಭಾಷೆ ಯಜಮಾನನಿಗೆ ಬೇಕಾಗಿಲ್ಲ. ಕೆಲಸ ಹೇಳುವುದಕ್ಕೆ ಕೋಲಿದೆ. ಪರಭಾಷೆಯ ನಾಡಿನಲ್ಲಿ ಕೂಲಿಗೆ ನಿಂತವರಿಗೆಲ್ಲ ಇದರ ಒಂದು ಸಣ್ಣ ತುಂಡಾದರೂ ಅನುಭವಕ್ಕೆ ಬಂದಿರುತ್ತದೆ.

ಆದರೂ ಒಂದು ಆಕ್ಷೇಪವಿದೆ. ಚಿತ್ರದ ಉತ್ತರಾರ್ಧದಲ್ಲಿ ಮರಳಿನ ದಿಬ್ಬಗಳು ಗೋಡೆಯ ಕ್ಯಾಲೆಂಡರಿನಂತೆ ಸುಂದರವಾಗಿ ಸಾಲುಗಟ್ಟುತ್ತವೆ, ಎ. ಆರ್. ರಹಮಾನ್ ಅವರ ಸಂಗೀತ ಏರುತ್ತದೆ, ಮನುಷ್ಯನ ಬಾಯಾರಿಕೆಯೂ ಒಂದು ದೃಶ್ಯವೈಭವವಾಗಿಬಿಡುತ್ತದೆ. ಆಡಿಗೆ ಮೇವು ಹಾಕಿ, ತೊಟ್ಟಿಗೆ ನೀರು ತುಂಬಿ, ಹಾಲು ಕರೆದು, ಮತ್ತೆ ಮೇವು ಹಾಕುವ ಆ ಬೇಸರದ ದಿನಗಳು ಇನ್ನಷ್ಟು ಇರಬೇಕಿತ್ತು ಎಂದು ನಮಗೆ ತೋರಿತು. ಓಡಿಹೋಗುವ ರಾತ್ರಿಗಿಂತ ಓಡಿಹೋಗಲಾಗದ ಸಾವಿರ ಹಗಲುಗಳೇ ಗುಲಾಮಗಿರಿ. ಮತ್ತೆ, ವೀಸಾ ಮಾರಿದವನೆಲ್ಲಿ? ಮರುಭೂಮಿಯ ಯಜಮಾನನನ್ನು ನೋಡಿ ಪ್ರೇಕ್ಷಕರು ಹಲ್ಲು ಕಡಿಯುತ್ತಾರೆ. ಊರಿನ ಪೇಟೆಯಲ್ಲಿ ಮೇಜು ಹಾಕಿಕೊಂಡು, ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ನಾಳೆ ಬಾ ಎನ್ನುವವನನ್ನು ಯಾರೂ ನೆನೆಯುವುದಿಲ್ಲ. ಅವನು ನಮ್ಮ ಮದುವೆಗಳಿಗೆ ಬಂದು ಮೊದಲ ಪಂಕ್ತಿಯಲ್ಲಿ ಕೂರುವವನು.

ಈ ಕಥೆಯಲ್ಲಿ ನಮ್ಮ ಬಳಗದವರು ಮರೆಯಬಾರದ ಒಂದು ಸಂಗತಿ ಇದೆ. ಕೊನೆಗೆ ಜೈಲಿನ ಗುರುತು ಹಿಡಿಯುವ ಸಾಲಿನಲ್ಲಿ ಆ ಯಜಮಾನನೇ ಎದುರಿಗೆ ಬಂದರೂ ನಜೀಬನನ್ನು ಎಳೆದೊಯ್ಯುವುದಿಲ್ಲ. ಕರುಣೆಯಿಂದಲ್ಲ. ನಜೀಬ್ ಬಂದ ವೀಸಾ ಅವನ ಹೆಸರಿನದಲ್ಲ. ಅಂದರೆ ಅವನನ್ನು ಕದ್ದೊಯ್ದದ್ದೇ ಅವನ ಬಿಡುಗಡೆಗೆ ದಾರಿಯಾಯಿತು. ಕಾಗದ ಸರಿಯಿದ್ದಿದ್ದರೆ ಅದೇ ಹಟ್ಟಿಗೆ ವಾಪಸ್ಸು! ಕೆಲಸಗಾರನನ್ನು ಒಬ್ಬ ಒಡೆಯನ ಹೆಸರಿಗೆ ಕಟ್ಟಿಹಾಕುವ ಆ ‘ಕಫಾಲಾ’ ಪದ್ಧತಿಯನ್ನು ಸೌದಿ ಸರ್ಕಾರ 2021ರಲ್ಲಿ ಸಡಿಲಿಸಿದಾಗಲೂ ಮನೆಗೆಲಸದವರು, ಮನೆಯ ಚಾಲಕರು, ತೋಟದ ಆಳುಗಳು, ಕುರಿ ಕಾಯುವವರು ಅದರಿಂದ ಹೊರಗೇ ಉಳಿದರು. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೆ ಸಿಗಲಿಲ್ಲ. ನಮ್ಮ ದೇಶದ 1983ರ ವಲಸೆ ಕಾಯಿದೆ ಏಜೆಂಟನಿಗೆ ಸರ್ಕಾರಿ ನೋಂದಣಿ ಕಡ್ಡಾಯ ಮಾಡಿತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ತಪಾಸಣೆಯ ಗುರುತು ಬಿತ್ತು. ಆ ತಪಾಸಣೆಯನ್ನು ತಪ್ಪಿಸಲೆಂದೇ ಏಜೆಂಟರು ವಿಸಿಟ್ ವೀಸಾದಲ್ಲಿ ಜನರನ್ನು ಸಾಗಿಸುತ್ತಾರೆ. ಆಡುಜೀವಿತಂ ನೋಡಿ ಅತ್ತವರು ಮರುದಿನ ಮಗನ ವೀಸಾ ಯಾವ ಬಗೆಯದು ಎಂದು ತೆಗೆದು ನೋಡಿದರೆ ಆ ಕಣ್ಣೀರು ದುಡಿದಂತೆ.

ಇನ್ನೊಂದು ಚಿತ್ರ ಇದಕ್ಕೆ ತೀರ ವಿರುದ್ಧ ಜಾತಿಯದು. ಗದ್ದಲವಿಲ್ಲ, ಕೋಲಿಲ್ಲ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’. ಕೇರಳದಲ್ಲಿ ‘ಪ್ರಭಯಾಯ್ ನಿನಚ್ಚದೆಲ್ಲಾಂ’ ಎಂಬ ಹೆಸರಿನಲ್ಲಿ ಬಂತು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಎರಡನೆಯ ದೊಡ್ಡ ಪ್ರಶಸ್ತಿ ಪಡೆಯಿತು. 1994ರಲ್ಲಿ ಶಾಜಿ ಎನ್. ಕರುಣ್ ಅವರ ‘ಸ್ವಂ’ ಹೋದ ಮೇಲೆ ಅಲ್ಲಿಯ ಮುಖ್ಯ ಸ್ಪರ್ಧೆಗೆ ಭಾರತದ ಚಿತ್ರ ಹೋದದ್ದು ಆಗಲೇ. ಪ್ರಶಸ್ತಿಯ ಚಿತ್ರವೆಂದರೆ ನಮ್ಮವರು ಹೆದರುತ್ತಾರೆ. ನಿಧಾನವಾಯಿತು, ನಿದ್ರೆ ಬಂತು ಎಂದವರೂ ಉಂಟು. ವಯಸ್ಕರ ಚಿತ್ರ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡತಕ್ಕದ್ದಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಮೂವರು ಹೆಂಗಸರು. ಪ್ರಭಾ ಹಿರಿಯ ನರ್ಸು, ಅನು ಕಿರಿಯ ನರ್ಸು, ಇಬ್ಬರೂ ಮಲಯಾಳಿಗಳು. ಪಾರ್ವತಿ ಎಂಬವಳು ಅದೇ ಆಸ್ಪತ್ರೆಯ ಅಡುಗೆಯವಳು, ರತ್ನಾಗಿರಿ ಕಡೆಯವಳು. ಪ್ರಭಾಳ ಗಂಡ ಜರ್ಮನಿಗೆ ಹೋದವನು ಫೋನು ಮಾಡುವುದನ್ನೂ ಬಿಟ್ಟಿದ್ದಾನೆ. ಒಂದು ದಿನ ಅಲ್ಲಿಂದ ಒಂದು ಅನ್ನದ ಕುಕ್ಕರ್ ಬರುತ್ತದೆ. ಕಾಗದವಿಲ್ಲ, ಹೆಸರಿಲ್ಲ, ಕುಕ್ಕರ್ ಮಾತ್ರ. ಇದನ್ನು ನೋಡುವಾಗ ನಮ್ಮ ಊರುಗಳ ಎಷ್ಟು ಅಡುಗೆಮನೆಗಳು ಕಣ್ಣಮುಂದೆ ಬಂದವು! ಮನುಷ್ಯ ಬಾರದೆ ಸಾಮಾನು ಬರುವ ಮನೆಗಳು. ಕುಂಬಳೆಯಿಂದ ಮಂಜೇಶ್ವರದ ತನಕ ಇಂಥ ಮನೆಗಳಲ್ಲಿ ಶೋಕೇಸು ತುಂಬಿರುತ್ತದೆ.

ಈ ಚಿತ್ರದಲ್ಲಿ ಕೆಲಸ ಇದೆ. ಹೆರಿಗೆಯ ಮಾಸಿನ ವಾಸನೆಗೆ ಮುಖ ಸಿಂಡರಿಸುವ ಹೊಸ ಹುಡುಗಿಯರಿಗೆ ಪ್ರಭಾ ಗದರುವ ದೃಶ್ಯವೊಂದು ಸಾಕು. ನರ್ಸಿನ ಕೆಲಸವನ್ನು ಬಿಳಿ ಉಡುಪಿನ ದೇವದೂತೆಯ ಕೆಲಸವೆಂದು ಹೊಗಳಿ ಹೊಗಳಿ ನಾವು, ಅದರಲ್ಲೂ ನಾವು ಕ್ರೈಸ್ತರು, ಅವರ ಪಗಾರದ ಮಾತನ್ನು ಮರೆಸಿಬಿಟ್ಟಿದ್ದೇವೆ. ಸೇವೆ ಎಂದ ಕೂಡಲೇ ಸಂಬಳ ಕೇಳುವುದು ಪಾಪವೆಂಬಂತೆ ಮಾತಾಡುವ ಆಡಳಿತ ಮಂಡಳಿಗಳು ನಮ್ಮಲ್ಲೂ ಇದ್ದವು, ಇವೆ. ಕೇರಳ ಸರ್ಕಾರ 2018ರ ಏಪ್ರಿಲಿನಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸುಗಳಿಗೆ ತಿಂಗಳಿಗೆ 20,000 ರೂಪಾಯಿಯ ಕನಿಷ್ಠ ವೇತನ ನಿಗದಿ ಮಾಡಿದ್ದು ಯಾರ ಉಪದೇಶ ಕೇಳಿಯೂ ಅಲ್ಲ. ನರ್ಸುಗಳು ವರ್ಷಗಟ್ಟಲೆ ಬೀದಿಗಿಳಿದ ಮೇಲೆ.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದವಳು ಅಡುಗೆಯ ಪಾರ್ವತಿ. ಗಂಡ ಗಿರಣಿಯ ಕೆಲಸಗಾರನಾಗಿದ್ದ, ತೀರಿಹೋದ. ಅವಳು ಅಷ್ಟು ವರ್ಷ ಬಾಳಿದ ಕೋಣೆಯನ್ನು ಈಗ ಬಿಲ್ಡರನು ಕೆಡವುತ್ತಾನಂತೆ. ಅವಳ ಕೈಯಲ್ಲಿ ಕಾಗದವಿಲ್ಲ. ಮುಂಬಯಿಯ ಗಿರಣಿಗಳ ಸುಮಾರು 2.5 ಲಕ್ಷ ಕಾರ್ಮಿಕರು ದತ್ತಾ ಸಾಮಂತರ ಮುಂದಾಳುತನದಲ್ಲಿ 1982ರ ಜನವರಿ 18ರಂದು ಮುಷ್ಕರ ಹೂಡಿದರು. ಅದಕ್ಕೆ ಸರಿಯಾದ ಅಂತ್ಯವೇ ಕಾಣಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಗಗನಚುಂಬಿ ಮನೆಗಳೆದ್ದವು. ಸೊಲ್ಲಾಪುರದ ಕಡೆಯ ಕನ್ನಡ ಬಂಧುಗಳಿಗೆ ಮುಚ್ಚಿದ ಗಿರಣಿಯ ಕಥೆ ನಾವು ಹೇಳಬೇಕಾಗಿಲ್ಲ. ಪಾರ್ವತಿಯೂ ಪ್ರಭಾಳೂ ರಾತ್ರಿ ಹೊತ್ತು ಆ ಬಿಲ್ಡರನ ಜಾಹೀರಾತು ಫಲಕಕ್ಕೆ ಕಲ್ಲು ಹೊಡೆಯುತ್ತಾರೆ. ಕಲ್ಲು ಹೊಡೆದು ನಗುತ್ತಾರೆ. ಕ್ರೈಸ್ತ ಪತ್ರಿಕೆಯು ಕಲ್ಲೆಸೆತವನ್ನು ಮೆಚ್ಚಬಹುದೇ? ಮೆಚ್ಚಿದೆವು ಎಂದು ಬರೆಯುವುದಿಲ್ಲ. ಆ ನಗುವನ್ನು ಮಾತ್ರ ಮೆಚ್ಚಿದೆವು. ಮರುದಿನ ಅವಳು ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಹೊರಲು ಜೊತೆಗೆ ಬರುವವರು ಆ ಇಬ್ಬರು ನರ್ಸುಗಳು. ಸಂಘವೆಂದರೆ ರಸೀದಿ ಪುಸ್ತಕವಲ್ಲ, ಹೀಗೆ ಗಂಟು ಹೊರಲು ಬರುವ ಜನ ಎಂದು ನಮ್ಮ ಬಳಗದ ಬೀಡಿ ಕಾರ್ಮಿಕ ಅಕ್ಕ ಒಬ್ಬರು ಚಿತ್ರ ನೋಡಿ ಹೇಳಿದರು. ಅವರಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು.

ಕನ್ನಡದಲ್ಲಿ ಇಂಥದ್ದಿಲ್ಲವೇ? ಇದೆ. ಹುಡುಕಬೇಕು, ಅಷ್ಟೆ. ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ 2022ರ ಅಕ್ಟೋಬರಿನಲ್ಲಿ ಕೊರಿಯಾ ದೇಶದ ಬೂಸಾನ್ ಉತ್ಸವದಲ್ಲಿ ಬಹುಮಾನ ಪಡೆದು, 2024ರಲ್ಲಿ ಕರ್ನಾಟಕದ ಚಿತ್ರಮಂದಿರಗಳಿಗೆ ಬಂತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಶಕ್ತಿವರ್ಧಕ ಪುಡಿಯ ಡಬ್ಬ ಮಾರಿ, ಕೆಳಗೆ ಇನ್ನಷ್ಟು ಜನರನ್ನು ಸೇರಿಸಿದರೆ ಶ್ರೀಮಂತಳಾಗುತ್ತೀ ಎಂದು ಯಾರೋ ಹೇಳಿದ್ದನ್ನು ನಂಬಿ ಇದ್ದ ಹಣವನ್ನೆಲ್ಲ ಅದಕ್ಕೆ ಹಾಕುತ್ತಾಳೆ. ಆಮೇಲೆ ಅವಳು ಬರುವುದನ್ನು ಕಂಡರೆ ನೆಂಟರು ಬಾಗಿಲು ಹಾಕುತ್ತಾರೆ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಅವರು ಸಿನಿಮಾದವರಲ್ಲ, ಹಳ್ಳಿಯವರು. ಅವರ ನಡಿಗೆಯಲ್ಲೇ ಅದು ತಿಳಿಯುತ್ತದೆ.

ಇದನ್ನು ನೋಡಿ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಯೋಚನೆ ಬರುತ್ತದೆ. ಪೂಜೆ ಮುಗಿದು ಇಗರ್ಜಿಯಿಂದ ಹೊರಬರುವಾಗ ಕೈಕುಲುಕುತ್ತಾ ‘ಐದು ನಿಮಿಷ ಮಾತಾಡಲಿಕ್ಕೆ ಉಂಟು’ ಎನ್ನುವ ಪುಡಿಡಬ್ಬದ ಬಂಧುಗಳು ನಮ್ಮಲ್ಲಿ ಇಲ್ಲವೇ? ಅವರನ್ನು ಕಂಡು ನಾವು ತಪ್ಪಿಸಿಕೊಳ್ಳುತ್ತೇವೆ, ಆದರೆ ಅವರೇಕೆ ಆ ಡಬ್ಬ ಹಿಡಿದರು ಎಂದು ಕೇಳುವುದಿಲ್ಲ. ಬಿಸಿಯೂಟದ ಅಕ್ಕಂದಿರಿಗೆ ಸರ್ಕಾರ ಕೊಡುವುದನ್ನು ಸಂಬಳ ಎಂದು ಕರೆಯುವುದೂ ಇಲ್ಲ, ಗೌರವಧನ ಎನ್ನುತ್ತಾರೆ. ಗೌರವವೂ ಕಡಿಮೆ, ಧನವೂ ಕಡಿಮೆ. ನೂರಾರು ಮಕ್ಕಳಿಗೆ ಉಣ್ಣಿಸುವ ಕೈಗೆ ತನ್ನ ಮನೆ ನಡೆಸುವಷ್ಟು ಬಾರದಿದ್ದರೆ ಅದು ಡಬ್ಬವನ್ನೋ ಲಾಟರಿ ಟಿಕೇಟನ್ನೋ ಹಿಡಿಯುತ್ತದೆ. ವಿಮೋಚನಕಾಂಡದಲ್ಲಿ ಫರೋಹನು ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಕೇಳಿದನು. ಈ ಹೊಸ ಫರೋಹರು ಹುಲ್ಲನ್ನೂ ನಮಗೇ ಮಾರಿ, ಇಟ್ಟಿಗೆಯ ಲೆಕ್ಕ ಕೇಳುತ್ತಾರೆ. ಲೆಕ್ಕ ತಪ್ಪಿದರೆ ನಿನ್ನಲ್ಲಿ ಛಲವಿಲ್ಲ ಎನ್ನುತ್ತಾರೆ. ಚಿತ್ರ ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶಿವಮ್ಮನನ್ನು ದೂರುವುದೂ ಇಲ್ಲ, ಅವಳನ್ನು ಪಾಪದವಳು ಎಂದು ಮುದ್ದಿಸುವುದೂ ಇಲ್ಲ. ಹಟಮಾರಿ ಹೆಂಗಸು, ಹಾಗೆಯೇ ಬಿಟ್ಟಿದ್ದಾರೆ. ಅದು ನಮಗೆ ಬಹಳ ಹಿಡಿಸಿತು.

ಉತ್ಸವ್ ಗೋನವಾರ ಅವರ ‘ಫೋಟೋ’ (2024) ಕೂಡ ನೋಡತಕ್ಕದ್ದು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ರಾಯಚೂರು ಕಡೆಯ ಹುಡುಗ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿರುವ ಅಪ್ಪನ ಬಳಿ ಬರುತ್ತಾನೆ. ಬಂದ ಹೊತ್ತಿಗೆ 2020ರ ಮಾರ್ಚ್ 24ರ ಲಾಕ್‌ಡೌನು. ನಡೆದು ಊರಿಗೆ ಹೋಗುವುದೇ ಉಳಿದ ಕಥೆ. ಮಾತು ಕಡಿಮೆ. ಆ ದಿನಗಳಲ್ಲಿ ತಲಪಾಡಿಯ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳನ್ನು ಈಚೆಗೇ ನಿಲ್ಲಿಸಿದ್ದನ್ನು ಕಂಡ ನಮಗೆ ಆ ಹುಡುಗನ ರಸ್ತೆ ದೂರದ್ದೆನಿಸಲಿಲ್ಲ.

‘ಕಾಂತಾರ’ದ ವಿಷಯ ಬರೆಯದೆ ಬಿಟ್ಟರೆ ತರುಣರು ಸಿಟ್ಟಾಗುತ್ತಾರೆ. 2022ರ ಸೆಪ್ಟೆಂಬರ್ ಕೊನೆಗೆ ಬಂದ ಆ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಕ್ರೈಸ್ತರು ಭೂತದ ಪಿಚ್ಚರ್ ನೋಡಬಹುದೇ ಎಂದು ಕೆಲವರು ಕೇಳಿದರು. ನೆರೆಮನೆಯ ಕೋಲದ ಗದ್ದಲ ಕೇಳುತ್ತಲೇ ಬೆಳೆದವರು ನಾವು. ನೋಡಿದರೆ ನಂಬಿಕೆ ಕಳೆದುಹೋಗುವಷ್ಟು ಬಡಕಲಾದ ನಂಬಿಕೆ ಇದ್ದರೆ ಪಿಚ್ಚರಿನ ತಪ್ಪಲ್ಲ. ನಮ್ಮ ತಕರಾರು ಬೇರೆ. ಅದರಲ್ಲಿ ಭೂಮಿಯ ಪ್ರಶ್ನೆಗೆ ದೈವವೇ ಬಂದು ತೀರ್ಪು ಕೊಡುತ್ತದೆ. ನಮ್ಮ ನೆಲದಲ್ಲಿ ಹಾಗಾಗಲಿಲ್ಲ. ಇದೇ ಜಿಲ್ಲೆಯ ಕಯ್ಯೂರಿನಲ್ಲಿ ರೈತರು 1941ರಲ್ಲಿ ತಲೆಯೆತ್ತಿ, 1943ರ ಮಾರ್ಚ್ 29ರಂದು ನಾಲ್ವರು ಕಣ್ಣೂರಿನ ಜೈಲಿನಲ್ಲಿ ನೇಣಿಗೇರಿದರು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಯಾಗಿ, ಪಂಚಾಯತಿನಲ್ಲಿ ಧಣಿಗಳ ಜಾಗದ ಗುಡಿಸಲಲ್ಲಿದ್ದವರಿಗೆ ಹತ್ತು ಸೆಂಟ್ಸು ನೆಲ ಸಿಕ್ಕಿತು. ನಮ್ಮವರ ಎಷ್ಟೋ ಮನೆಗಳು ಆ ಹತ್ತು ಸೆಂಟ್ಸಿನ ಮೇಲೆಯೇ ನಿಂತಿವೆ. ಕಯ್ಯೂರಿನ ಕಥೆಯನ್ನು ನಿರಂಜನರು 1955ರಲ್ಲಿ ‘ಚಿರಸ್ಮರಣೆ’ ಎಂದು ಕನ್ನಡದಲ್ಲಿ ಕಾದಂಬರಿಯಾಗಿ ಬರೆದರು. ಲೆನಿನ್ ರಾಜೇಂದ್ರನ್ ಅವರು 1986ರಲ್ಲಿ ‘ಮೀನಮಾಸತ್ತಿಲೆ ಸೂರ್ಯನ್’ ಎಂದು ಮಲಯಾಳದಲ್ಲಿ ಚಿತ್ರ ತೆಗೆದರು. ತರುಣರು ಅದನ್ನೂ ಒಮ್ಮೆ ಹುಡುಕಿ ನೋಡಲಿ. ಆಮೇಲೆ ಗರ್ಜನೆಯ ಬೆಲೆ ಎಷ್ಟೆಂದು ಚರ್ಚಿಸೋಣ.

ನಮ್ಮ ಊರಿನ ಹೆಸರನ್ನೇ ಹೊತ್ತು ಬಂದ ಚಿತ್ರ ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018). ಮಕ್ಕಳು ಚೆನ್ನಾಗಿ ಮಾಡಿದ್ದಾರೆ, ಅನಂತನಾಗ್ ಅವರಂತೂ ಕೋರ್ಟಿನ ದೃಶ್ಯದಲ್ಲಿ ನಗಿಸಿ ಅಳಿಸುತ್ತಾರೆ. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ತರರನ್ನು ಹಾಕಿದರೆ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಸುಳ್ಳಲ್ಲ. 1956ರ ನವೆಂಬರ್ 1ರಿಂದ ನಾವು ಅದನ್ನೇ ಕೇಳುತ್ತಿದ್ದೇವೆ. ಆದರೆ ಆ ಮಲಯಾಳಿ ಮಾಸ್ತರರನ್ನು ಬರೇ ಹಾಸ್ಯದ ಪಾತ್ರ ಮಾಡಿದ್ದು ನಮಗೆ ಸರಿಬೀಳಲಿಲ್ಲ. ಅವರೂ ಆದೇಶದ ಕಾಗದ ಹಿಡಿದು ಬಂದ ಕೆಲಸಗಾರರೇ. ಭಾಷೆ ತಿಳಿಯದ ನಲವತ್ತು ಮಕ್ಕಳ ಎದುರು ನಿಂತು ಲೆಕ್ಕ ಕಲಿಸಬೇಕಾದ ಮನುಷ್ಯನ ಬೆವರನ್ನು ಯಾರಾದರೂ ನೋಡಿದ್ದಾರೆಯೇ? ಆದೇಶ ಹೊರಡಿಸಿದವರು ದೂರದ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಕಲ್ಲು ಬೀಳುವುದು ಬಸ್ಸಿಳಿದು ಬಂದವನ ಮೇಲೆ. ಗಡಿಯಾಚೆ ಕುಳಿತು ತೆಗೆದ ಚಿತ್ರಕ್ಕೆ ಮಲಯಾಳಿ ಎಂದರೆ ಒಂದು ಜಾತಿ. ನಮಗೆ ಹಾಗಲ್ಲ. ಒಂದೇ ಬೀಡಿ ಡಿಪೋದಲ್ಲಿ ಬೀಡಿ ಲೆಕ್ಕ ಕೊಡುವ ನೆರೆಯವರು. ಕನ್ನಡ ಮಾಸ್ತರರನ್ನು ಕೇಳುವ ಹಕ್ಕನ್ನು ನಾವು ಬಿಡುವುದಿಲ್ಲ, ನೆರೆಯವರನ್ನು ನಗೆಗೀಡು ಮಾಡಿ ಕೇಳುವುದೂ ಇಲ್ಲ. ಇನ್ನು ಕನ್ನಡ ಶಾಲೆಯ ಪರವಾಗಿ ಚಪ್ಪಾಳೆ ತಟ್ಟಿದ ನಮ್ಮಲ್ಲೇ ಎಷ್ಟು ಮನೆಯ ಮಕ್ಕಳು ಬೆಳಿಗ್ಗೆ ಇಂಗ್ಲಿಷ್ ಶಾಲೆಯ ವ್ಯಾನು ಹತ್ತುತ್ತಾರೆ ಎಂಬ ಲೆಕ್ಕ ಚಿತ್ರದವರಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ.

ಜಿಲ್ಲೆಯ ತೆಂಕು ಭಾಗದ ಚೀಮೇನಿಯ ಹಿನ್ನೆಲೆಯಲ್ಲಿ ಬಂದ ‘ನ್ನಾ ತಾನ್ ಕೇಸ್ ಕೊಡ್’ (2022) ಈ ದೃಷ್ಟಿಯಿಂದ ಹೆಚ್ಚು ನ್ಯಾಯವಂತ ಚಿತ್ರ. ಕಳ್ಳತನ ಬಿಟ್ಟು ಕೂಲಿ ಮಾಡಿಕೊಂಡಿರುವವನನ್ನು ನಾಯಿ ಕಚ್ಚುತ್ತದೆ. ಅದಕ್ಕೆಲ್ಲ ಮೂಲ ರಸ್ತೆಯ ಗುಂಡಿ ಎಂದು ಅವನು ಮಂತ್ರಿಯ ಮೇಲೆಯೇ ಕೇಸು ಹಾಕಿ ತಾನೇ ವಾದಿಸುತ್ತಾನೆ. ಮೆಜಿಸ್ಟ್ರೇಟರ ಪಾತ್ರ ಮಾಡಿ ರಾಜ್ಯ ಪ್ರಶಸ್ತಿ ಪಡೆ��� ಪಿ. ಪಿ. ಕುಂಞಿಕೃಷ್ಣನ್ ಅವರು ನಮ್ಮ ಜಿಲ್ಲೆಯ ನಿವೃತ್ತ ಮಾಸ್ತರರು. ಕೋರ್ಟಿನ ಕಟ್ಟೆಯಲ್ಲಿ ಒಂದು ಸಹಿಗಾಗಿ ದಿನಗೂಲಿ ಕಳೆದುಕೊಂಡು ಕುಳಿತವರೆಲ್ಲ ಇದನ್ನು ನೋಡಿ ಬಾಯ್ತುಂಬ ನಕ್ಕರು.

ಒಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿದೆ. ಸಿನಿಮಾದ ಕ್ರೈಸ್ತ ಯಾರು? ಕನ್ನಡದಲ್ಲಾದರೆ ಹ್ಯಾಟು ಹಾಕಿದ ಕುಡುಕ ಡಿಸೋಜ, ಇಲ್ಲವೇ ಕ್ಯಾಬರೆಯ ಮೇರಿ. ಮಲಯಾಳದಲ್ಲಾದರೆ ರಬ್ಬರ್ ತೋಟದ ಜೀಪಿನ ಧಣಿ. ಬೀಡಿ ಕಟ್ಟುವ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದ, ಲೈನಿಗೆ ಹತ್ತುವ ಕ್ರೈಸ್ತ ಎಲ್ಲಿಯೂ ಇಲ್ಲ. ನಟೇಶ್ ಹೆಗಡೆ ಅವರ ‘ಪೆದ್ರೊ’ (2021) ಈ ಕೊರತೆಯನ್ನು ಸ್ವಲ್ಪ ತುಂಬಿತು. ಘಟ್ಟದ ಹಳ್ಳಿಯಲ್ಲಿ ಕರೆಂಟ್ ಕೆಲಸ ಮಾಡುವ ಪೆದ್ರೊ, ತಿಳಿಯದೆ ಒಂದು ದನವನ್ನು ಕೊಂದವನಾಗಿ ಊರಿಗೇ ಹೊರಗಾಗುತ್ತಾನೆ. ಅವನೂ ಕುಡಿಯುತ್ತಾನೆ, ಏನು ಮಾಡೋಣ! ಆದರೆ ಅವನು ಕಂಬ ಹತ್ತುವುದನ್ನು ತೋರಿಸಿದ್ದಾರೆ. ಪಾತ್ರ ಮಾಡಿದವರು ನಿರ್ದೇಶಕರ ತಂದೆಯೇ ಅಂತೆ. ಕೈಯಲ್ಲಿ ಇಕ್ಕಳ ಹಿಡಿದ ರೀತಿ ನಟನೆಯಂತೆ ಕಾಣುವುದಿಲ್ಲ.

ಪರದೆಯ ಮೇಲಿನ ಕೆಲಸದ ಮಾತು ಇಷ್ಟಾಯಿತು. ಪರದೆಯ ಹಿಂದಿನದನ್ನೂ ನೋಡಬೇಕು. ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರ ಡಿಸೆಂಬರಿನಲ್ಲಿ ಸರ್ಕಾರದ ಕೈಸೇರಿ, ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು. ನಾಲ್ಕೂವರೆ ವರ್ಷ ಕಪಾಟಿನಲ್ಲಿ! ಪತ್ರಿಕೆಗಳು ಅದರಲ್ಲಿ ದೊಡ್ಡ ನಟರ ಹೆಸರು ಹುಡುಕಿದವು. ನಮಗೆ ಮುಖ್ಯವಾಗಿ ಕಂಡ ಪುಟಗಳು ಬೇರೆ. ಚಿತ್ರೀಕರಣದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. ಆದ್ದರಿಂದ ಬಾಯಾರಿದರೂ ನೀರು ಕುಡಿಯದೆ ದಿನವಿಡೀ ತಡೆದುಕೊಳ್ಳುತ್ತಾರೆ ಎಂಬುದು. ಬರೆದುಕೊಟ್ಟ ಕರಾರಿಲ್ಲ, ಗುಂಪಿನಲ್ಲಿ ನಿಲ್ಲುವ ಕಿರಿಯ ಕಲಾವಿದರನ್ನು ಕೆಲಸಗಾರರೆಂದೇ ಎಣಿಸುವುದಿಲ್ಲ ಎಂಬುದು. ಬಟ್ಟೆ ಅಂಗಡಿಗಳಲ್ಲಿ ಕೂರಲು ಸ್ಟೂಲಿಲ್ಲದೆ ದಿನವಿಡೀ ನಿಂತೇ ದುಡಿದ ಹೆಂಗಸರ ಹೋರಾಟದಿಂದ ಕೇರಳದಲ್ಲಿ 2018ರಲ್ಲಿ ಕೂರುವ ಹಕ್ಕು ಬಂತು. ಸಿನಿಮಾದ ಅಕ್ಕಂದಿರು ಅವರ ತಂಗಿಯರೇ. ಮರುಭೂಮಿಯ ಬಾಯಾರಿಕೆಯನ್ನು ಪರದೆಯಲ್ಲಿ ಕಂಡು ಕಣ್ಣೊರೆಸಿಕೊಳ್ಳುವ ನಾವು, ಪರದೆಯ ಹಿಂದೆ ನೀರು ಕುಡಿಯಲಾಗದೆ ನಿಂತವಳ ಬಗ್ಗೆ ಏನು ಮಾಡುತ್ತೇವೆ? ಕೂಲಿಕಾರರ ಕೂಗು ದೇವರ ಕಿವಿಗೆ ಮುಟ್ಟಿತೆಂದು ಯಾಕೋಬನ ಪತ್ರಿಕೆಯಲ್ಲಿ ಓದುವವರು ನಾವು. ಆ ಅಧ್ಯಾಯದಲ್ಲಿ ಹೊಲದ ಕೂಲಿಯವರ ಮಾತಿದೆ; ಲೈಟ್‌ಬಾಯ್‌ಗಳಿಗೆ ಅದು ಅನ್ವಯಿಸದು ಎಂದು ಎಲ್ಲಿಯೂ ಬರೆದಿಲ್ಲ.

ಬಳಗದ ಹಾಲಿನಲ್ಲಿ ತಿಂಗಳಿಗೊಂದು ಚಿತ್ರ ತೋರಿಸಬೇಕೆಂಬ ತರುಣರ ಬೇಡಿಕೆ ಸಮಿತಿಯ ಮುಂದಿದೆ. ಧಾರ್ಮಿಕ ಚಿತ್ರಗಳನ್ನು ಮಾತ್ರ ತೋರಿಸಿರಿ ಎಂಬುದು ಒಂದು ಪಕ್ಷ, ಹಾಲನ್ನೇ ಕೊಡಬಾರದು ಎಂಬುದು ಇನ್ನೊಂದು. ನಮ್ಮ ಮತ ತರುಣರಿಗೆ. ಮೊದಲು ‘ಶಿವಮ್ಮ’ ಬರಲಿ, ಹೆಂಗಸರು ಮುಂದಿನ ಬೆಂಚಿನಲ್ಲಿ ಕೂರಲಿ. ಒಂದು ಷರತ್ತು: ಯಾರದೋ ಫೋನಿನಿಂದ ಕದ್ದಿಳಿಸಿದ ಪ್ರತಿಯನ್ನು ತೋರಿಸಬಾರದು. ನಿರ್ಮಾಪಕರಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ದುಡಿದವರ ಫಲವನ್ನು ಬಿಟ್ಟಿಯಾಗಿ ತಿನ್ನುವುದು ಕಾರ್ಮಿಕ ಬಳಗಕ್ಕೆ ಹೇಳಿಸಿದ್ದಲ್ಲ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತು ಇರಬೇಕು, ಭಾಷಣ ಬೇಡ, ಚಹಾ ಇರಲಿ. ‘ಆಡುಜೀವಿತಂ’ ತೋರಿಸುವುದಾದರೆ ಡಿಸೆಂಬರಿನಲ್ಲಿ ತೋರಿಸುವುದು ಒಳ್ಳೆಯದು. ಗಲ್ಫಿನವರು ಕ್ರಿಸ್ಮಸ್ ರಜೆಗೆ ಊರಿಗೆ ಬರುವುದು ಆಗಲೇ. ಏಜೆಂಟರು ಮನೆ ಮನೆಗೆ ಬರುವುದೂ ಆಗಲೇ.